ಹೆಂಡತಿಯ ನಂಬರಿಗೆ ಅಣ್ಣ

ತಪ್ಪು ಒಪ್ಪಿಕೊಳ್ಳುವುದಕ್ಕೂ ಯೋಗ ಬೇಕು. ಕ್ಷಮೆ ಕೇಳಲೆಂದು ಖಾನಾಪುರದವರೆಗೆ ಹೋಗಿ ಸುಳ್ಳು ಹೇಳಿ ಬಂದವನು ನಾನು. ಬೆಳಗಾವಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಟಿಳಕವಾಡಿಯ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೇನೆ. ಎಷ್ಟೋ ದಿನ ನನ್ನ ಮೊದಲ ಮಾತು ಹಾಲಿನವನೊಂದಿಗೆ, ಕೊನೆಯ ಮಾತು ಪ್ರಿಂಟರಿನೊಂದಿಗೆ.

ನಮ್ಮ ಹಳೆಯ ಡೇಟಾಬೇಸಿನಲ್ಲಿ ರೋಗಿಗಳು ಒಂದು ಕೋಷ್ಟಕದಲ್ಲಿ, ಸಂಬಂಧಿಕರು ಇನ್ನೊಂದರಲ್ಲಿ, ಫೋನ್ ನಂಬರುಗಳು ಮತ್ತೊಂದರಲ್ಲಿ, ಹಿಸೆಯಾದ ಮನೆಯವರಂತೆ ಬೇರೆ ಬೇರೆ ಇದ್ದರು. ಹೊಸ ವಿನ್ಯಾಸದಲ್ಲಿ ಒಬ್ಬ ರೋಗಿಗೆ ಒಂದೇ ದಾಖಲೆ: ಸಂಬಂಧಿಕರೆಲ್ಲ ಒಂದು ಅಂಕಣದಲ್ಲಿ ಸಾಲಾಗಿ, ಅವರ ನಂಬರುಗಳು ಪಕ್ಕದ ಅಂಕಣದಲ್ಲಿ ಅದೇ ಕ್ರಮದಲ್ಲಿ. ಹೀಗೆ ಎಲ್ಲರನ್ನೂ ಒಟ್ಟುಗೂಡಿಸುವ ಕೆಲಸ ನನ್ನದು. ಫೋನಿಲ್ಲದವರ ಜಾಗವನ್ನು ಖಾಲಿ ಬಿಡಬೇಕಿತ್ತು, ಮರೆತೆ. ಸಾಲಿನಲ್ಲಿ ಅವರ ನಂತರ ಇದ್ದವರ ನಂಬರು ಒಂದು ಜಾಗ ಮೇಲೆ ಸರಿದು ಅವರ ಹೆಸರಿಗೆ ಕೂತಿತು.

ಖಾನಾಪುರ ಶಾಖೆಯ ಸುಜಾತಾ, ಯಲ್ಲಪ್ಪ ಎಂಬ ರೋಗಿಯ ಹೆಂಡತಿಗೆಂದು ಫೋನ್ ಹಚ್ಚಿ, "ಅಕ್ಕಾರ, ನಾಳೆ ನಿಮ್ಮ ಮನಿಯವರ ಕಣ್ಣಿನ ಆಪರೇಷನ್ ಐತಿ, ಜೋಡಿ ಬರ್ರಿ" ಎಂದಳಂತೆ. "ಯವ್ವಾ, ನಾ ಅವನ ಹೇಣ್ತಿ ಅಲ್ಲ, ಅಣ್ಣ!" ಎಂದು ಗಡಸು ದನಿಯೊಂದು ಗುಡುಗಿ ಫೋನಿಟ್ಟಿತಂತೆ. ಯಲ್ಲಪ್ಪನ ಹೆಂಡತಿಗೆ ಫೋನಿರಲಿಲ್ಲ; ಎಂದೋ ಬರೆಸಿದ್ದ ಅಣ್ಣನ ನಂಬರು ಅವಳ ಹೆಸರಿಗೆ ಸರಿದಿತ್ತು. ಆಮೇಲೆ ಸುಜಾತಾ ನನಗೆ ಹೇಳಿದಳು, "ಸರ್, ಆ ಅಣ್ಣ ತಮ್ಮ ಇಬ್ಬರೂ ಆರು ವರ್ಷದಿಂದ ಮಾತ ಬಿಟ್ಟಾರಂತ್ರಿ."

ಮರುದಿನ ಬೆಳಿಗ್ಗೆಯೇ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಬಾಯಿಪಾಠ ಮಾಡಿದೆ. ಹೋಗಿ ನೋಡಿದರೆ, ಆಪರೇಷನ್ನಿಗೆ ಕಾಯುತ್ತಿದ್ದ ಯಲ್ಲಪ್ಪನ ಬಾಜೂಕೇ ದೊಡ್ಡ ಮೀಸೆಯ ಅಣ್ಣ ಪರಶುರಾಮ ತಮ್ಮನ ಚಪ್ಪಲಿ ಕೈಯಲ್ಲಿ ಹಿಡಿದು ಕೂತಿದ್ದ.

"ನನ್ನಿಂದ ಒಂದು ತಪ್ಪಾಗಿ..." ಎಂದು ಶುರುಮಾಡಿದೆ.

"ಯಾರಿಂದ ತಪ್ಪಾಗಂಗಿಲ್ರಿ ಸಾಹೇಬ್ರ?" ಎಂದ ಪರಶುರಾಮ. "ತನ್ನ ಮಗಳ ಮದುವಿ ಫೋಟೋಕ್ಕ ಇಂವ ನನ್ನ ಕರೀಲಿಲ್ಲಂತ ಸಿಟ್ಟಿತ್ತು. ಆದರ ಹೇಣ್ತಿ ಹೆಸರಿನ ಮುಂದ ನನ್ನ ನಂಬರ ಬರಸ್ಯಾನಂದ್ರ, ಎಷ್ಟ ನೆನಸಿರಬೇಕ್ರಿ! ಖರೇ ಅಲ್ಲ?"

ಔಷಧಿ ಹಾಕಿದ ಕಣ್ಣು ಮುಚ್ಚಿಕೊಂಡಿದ್ದ ಯಲ್ಲಪ್ಪ ಇನ್ನೊಂದು ಕಣ್ಣಿನಿಂದ ನನ್ನನ್ನೇ ನೋಡಿದ. ಅಷ್ಟು ದೈನ್ಯದಿಂದ ನನ್ನನ್ನು ಯಾರೂ ನೋಡಿರಲಿಲ್ಲ.

"ಖರೇರಿ. ಅವರೇ ಬರೆಸಿದ್ದು" ಎಂದೆ.

ಉಳಿದ ದಾಖಲೆಗಳನ್ನೆಲ್ಲ ತಿದ್ದಿ ಹೊರಡುವಾಗ ಸುಜಾತಾ, "ಬಂದೀರಿ, ಕಣ್ಣ ತೋರಿಸಿಕೊಂಡ ಹೋಗ್ರಿ ಸರ್" ಎಂದು ನನ್ನ ಹೆಸರಿನಲ್ಲೂ ಒಂದು ದಾಖಲೆ ತೆರೆದಳು. "ಸಂಬಂಧಿಕರ ಕಡೆ ಯಾರ ನಂಬರ ಹಾಕಲ್ರಿ? ಹೊಸದರಾಗ ಎಷ್ಟ ಬೇಕಾದ್ರೂ ಹಾಕಬಹುದು, ನೀವ ಮಾಡೀರಲ್ಲ!"

ಯೋಚಿಸಿದೆ, ಯೋಚಿಸುವಂತೆ ನಟಿಸಿದೆ ಎಂದರೇ ಸರಿ. ಕೊನೆಗೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ನಂಬರು ಬರೆಸಿದೆ. ಅಲ್ಲಿ ಫೋನ್ ಎತ್ತುವವನು ನಾನೇ.