ತಾತನ ಹೆಬ್ಬೆರಳು, ಅಜ್ಜಿಯ ಕಾಫಿ

ಆಂಡರ್ಸನ್‌ಪೇಟೆಯಲ್ಲಿ ಸಕ್ಕರೆ ಕಾಯಿಲೆ, ಥೈರಾಯ್ಡು ನೋಡುವ ಕ್ಲಿನಿಕ್ ಇಟ್ಟುಕೊಂಡ ಮೇಲೆ ನಗುವುದಕ್ಕೆಂದು ನಾನು ಟಿವಿ ಹಾಕಿದ್ದೇ ಇಲ್ಲ. ದಿನಕ್ಕೊಬ್ಬರಾದರೂ ಬಂದು ನನ್ನ ಓದನ್ನೆಲ್ಲ ತಲೆಕೆಳಗು ಮಾಡಿ ಹೋಗುತ್ತಾರೆ. ಆದರೆ ಕ್ಯಾಸಂಬಳ್ಳಿ ಕಡೆಯ ಒಬ್ಬ ತಾತ ಮತ್ತು ಅವರ ಹೆಂಡತಿಯನ್ನು ಮೀರಿಸಿದವರು ಇನ್ನೂ ಹುಟ್ಟಿಲ್ಲ. ತಾತನ ಕಾಲಿನ ಹೆಬ್ಬೆರಳಲ್ಲಿ ಹುಣ್ಣಾಗಿತ್ತು. ಸಕ್ಕರೆ ಇಳಿಯದಿದ್ದರೆ ಬೆರಳನ್ನೇ ತೆಗೆಯಬೇಕಾದೀತು ಎಂದಿದ್ದೆ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಅತ್ತೇಬಿಟ್ಟರು. ನನಗೂ ಒಳಗೊಳಗೇ ಹೆದರಿಕೆಯಿತ್ತು.

ಖಾಲಿ ಹೊಟ್ಟೆ

ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದೆ. ಬಂದರು. ನೋಡಿದರೆ ಸಕ್ಕರೆ ಎಲ್ಲಿಗೋ ಏರಿ ಕೂತಿದೆ.

"ತಾತ, ಏನಾದರೂ ತಿಂದಿರಾ?"

"ಇಲ್ಲ ಡಾಕ್ಟ್ರಮ್ಮಾ. ಒಟ್ಟೆ ಖಾಲಿ."

ಮೀಸೆಯಲ್ಲಿ ಚಟ್ನಿ ಇತ್ತು. ಅದೇನು ಎಂದೆ.

"ಓ, ಅದಾ? ಬಸ್ ಇಳಿದು ನಾಕು ಇಡ್ಲಿ, ಒಂದು ವಡೆ ಬಾಯಿಗಾಕ್ಕೊಂಡೆ. ಮುದ್ದೆ ಬೀಳೋಗಂಟ ಒಟ್ಟೆ ಖಾಲೀನೇ ಅಲ್ವಾ?"

ಅಂದಿನಿಂದ ನಾನು ಎಲ್ಲರಿಗೂ "ಮುದ್ದೆಯೂ ಬೇಡ, ಮುದ್ದೆ ಅಲ್ಲದ್ದೂ ಬೇಡ" ಎಂದೇ ಹೇಳುತ್ತೇನೆ.

ತಂಪಿನ ಜಾಗ

ಇನ್ಸುಲಿನ್ ಬರೆದುಕೊಟ್ಟು, ತಂಪಿನಲ್ಲಿಡಿ ಎಂದೆ. ಅವರ ಮನೆಯಲ್ಲಿ ಫ್ರಿಜ್ ಇಲ್ಲ. ಮಡಕೆಯಲ್ಲಿಡುವ ಉಪಾಯ ಹೇಳಿಕೊಡುವಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟರು. ಮರುದಿನ ಅವರೂರಿನ ಹಾಲಿನ ಡೈರಿಯಿಂದ ಕಾರ್ಯದರ್ಶಿಯ ಫೋನು. ಹಾಲು ತಂಪು ಮಾಡುವ ತೊಟ್ಟಿಯೊಳಗೆ ತಾತ ಸೀಸೆಗೆ ದಾರ ಕಟ್ಟಿ ಇಳಿಬಿಟ್ಟಿದ್ದರಂತೆ.

"ಊರ ಹಾಲಿಗೆಲ್ಲ ಔಷಧಿ ಬೆರೆಸವ್ರೆ ಮೇಡಂ!"

ಹಿಂದಿನಿಂದ ತಾತನ ದನಿ ಕೇಳಿಸಿತು: "ಮುಚ್ಚಳಾನೇ ತೆಗೆದಿಲ್ಲ ಕಣ್ಲಾ! ನೀವೆಲ್ಲ ಉಯ್ಯೋ ನೀರಿಗೆ ಕೆಡದಿರೋ ಹಾಲು ನನ್ನ ಸೀಸೆಗೆ ಕೆಡ್ತದಾ?"

ಚುಚ್ಚಿದ ಬೆರಳು

ಮನೆಯಲ್ಲೇ ದಿನಾ ನೋಡಿಕೊಳ್ಳಲಿ ಎಂದು ಬೆರಳು ಚುಚ್ಚಿ ಸಕ್ಕರೆ ನೋಡುವ ಮಿಷನ್ ಕೊಡಿಸಿದೆ. ಚುಚ್ಚುವ ಕೆಲಸ ಅಜ್ಜಿಗೆ. ಮುಂದಿನ ಸಲ ಬಂದಾಗ ಮಿಷನ್‌ನಲ್ಲಿ ಉಳಿದಿದ್ದ ದಿನದಿನದ ಲೆಕ್ಕ ನೋಡಿದೆ. ಸಕ್ಕರೆ ದಿನದಿಂದ ದಿನಕ್ಕೆ ಏರುತ್ತಲೇ ಹೋಗಿದೆ. ಹೆಬ್ಬೆರಳು ಹೋಯಿತು ಅಂದುಕೊಂಡೇ ಪಟ್ಟಿ ಬಿಚ್ಚಿದರೆ ಹುಣ್ಣು ಚೆನ್ನಾಗಿ ಒಣಗಿದೆ! ನಾನೇ ತಾತನ ಕೈಬೆರಳು ಚುಚ್ಚಿ ನೋಡಿದೆ. ಸಕ್ಕರೆ ಹದಕ್ಕೆ ಬಂದಿತ್ತು.

"ಅಜ್ಜಿ, ಮನೆಯಲ್ಲಿ ಯಾರ ಬೆರಳು ಚುಚ್ಚಿದಿರಿ?"

"ನಂದೇ ಕಣಮ್ಮಾ. ಇನ್ಸುಲಿನ್ ಸೂಜಿಗೇ ಈವಯ್ಯ ಅರಚ್ಕಂತಾನೆ. ಬೆರಳಿಗೂ ಚುಚ್ಚಿದ್ರೆ ಪಾಪ ಅಲ್ವಾ? ಒಂದೇ ಮಡಕೇಲಿ ಬೇಯಿಸ್ಕೊಂಡು ಉಂಡೋರು, ರಕ್ತ ಬ್ಯಾರೆ ಇರ್ತದಾ ಅಂತ..."

ಬೈಯಲು ಬಾಯಿ ತೆರೆದವಳಿಗೆ ಆ ಅಜ್ಜಿಯ ಮೇಲೆ ಪ್ರೀತಿ ಉಕ್ಕಿಬಂತು.

"ಹಾಗಾದರೆ ಕಾಯಿಲೆ ನಿಮಗೂ ಇದೆ ಅಜ್ಜಿ. ದಿನಾ ಹೀಗೆ ಏರುವುದಕ್ಕೆ ಏನು ತಿನ್ನುತ್ತಿದ್ದಿರಿ?"

ಅಜ್ಜಿ ತಲೆ ತಗ್ಗಿಸಿದರು. "ಮಿಷನ್ನಾಗೆ ಏರ್ದಂಗೆಲ್ಲ ಈವಯ್ಯನ ಕಾಫಿಗೆ ಸಕ್ಕರೆ ಕಮ್ಮಿ ಮಾಡ್ದೆ. ಉಳಿದಿದ್ದು ದಂಡ ಯಾಕೆ ಅಂತ ನನ್ನ ಲೋಟಕ್ಕೆ ಆಕ್ಕೊಂಡೆ."

ತಾತ ದಡಬಡ ಎದ್ದು ನಿಂತರು. "ಅಂದ್ರೆ, ಇಷ್ಟು ದಿನ ನಿನ್ನ ಕಾಯಿಲೆಗೆ ನಾನು ಪಥ್ಯ ಮಾಡಿದ್ನೇನೇ?"

ಅಜ್ಜಿ ಸೆರಗು ಸರಿಮಾಡಿಕೊಂಡು, ತಣ್ಣಗೆ ಅಂದರು: "ಅದಕ್ಕೇ ಅಲ್ವಾ ನಿನ್ನ ಬೆರಳು ಉಳ್ಕೊಂಡಿದ್ದು?"