ಸಿಂಕ್ ಆದ ನಂಜುಂಡಸ್ವಾಮಿಗಳು

ನನ್ನ ಮಗಳು ಶಿವರಂಜನಿಯನ್ನು ಗೋಣಿಚೀಲದ ವ್ಯಾಪಾರಿಯ ಕಣ್ಣಿನಿಂದ ನೋಡಿ ಹೇಳುತ್ತೇನೆ, ಕೇಳಿ. ನೇಯ್ಗೆ ಬಿಗಿ, ಹೊಲಿಗೆ ಗಟ್ಟಿ, ಎಂಥ ಭಾರ ಹೇರಿದರೂ ತಳ ಕಿತ್ತುಹೋಗುವ ಮಾತಿಲ್ಲ. ಒಂದೇ ದೋಷ, ಬಾಯಿ ಕಟ್ಟಲು ಆಗುವುದಿಲ್ಲ! ಊರಾಚೆಯ ಒಂದು ಔಷಧಿ ಕಾರ್ಖಾನೆಯಲ್ಲಿ ಮಾತ್ರೆಗಳ ಗುಣಮಟ್ಟ ಪರೀಕ್ಷಿಸುವ ಕೆಲಸ ಅವಳದು. ದಿನವಿಡೀ ಮಾತ್ರೆಗಳಲ್ಲಿ ತಪ್ಪು ಹುಡುಕಿ, ಅದೂ ಸಾಲದೆ, ಸಂಜೆ ಮನೆಗೆ ಬಂದು ನನ್ನಲ್ಲಿ ಹುಡುಕುತ್ತಾಳೆ.

ಆ ಸಂಜೆ ಸಿಕ್ಕಿಬಿದ್ದದ್ದು ನನ್ನ ಆರ್ಗನೈಸರ್.

ಆರ್ಗನೈಸರ್ ಎಂದರೆ ಈಗಿನವರಿಗೆ ತಿಳಿಯದು. ಅಂಗೈಯಗಲದ ಯಂತ್ರ. ಮೇಲೆ ಬೂದುಬಣ್ಣದ ಗಾಜು, ಆ ಗಾಜಿನ ಮೇಲೆ ಬರೆಯಲು ಒಂದು ಪ್ಲಾಸ್ಟಿಕ್ ಕಡ್ಡಿ, ಹೊಟ್ಟೆಗೆ ಎರಡು ಸಣ್ಣ ಸೆಲ್. ಮೊಬೈಲಿಗೆ ಮಾತಾಡುವುದು ಬಿಟ್ಟು ಬೇರೇನೂ ಬಾರದ ಕಾಲದಲ್ಲಿ ಮೈಸೂರಿನಿಂದ ಕೊಂಡು ತಂದದ್ದು. ನಂಜನಗೂಡಿನಲ್ಲಿ ಅಂಥದ್ದು ಇಟ್ಟುಕೊಂಡ ಮೊದಲನೆಯ ಗೋಣಿಚೀಲದ ವ್ಯಾಪಾರಿ ನಾನೇ. ಎರಡನೆಯವನು ಇನ್ನೂ ಹುಟ್ಟಿಲ್ಲ! ನನ್ನ ಗಿರಾಕಿಗಳ ಹೆಸರು, ಫೋನ್ ನಂಬರು ಸಕಲವೂ ಅದರ ಹೊಟ್ಟೆಯಲ್ಲಿವೆ. ನನ್ನ ಹೆಂಡತಿ ಗುರುಬಸಮ್ಮ ಮಾತ್ರ, ಕಡ್ಡಿ ಇದೆಯೆಂಬ ಒಂದೇ ಕಾರಣಕ್ಕೆ, ಅದನ್ನು ಕಡ್ಡಿಪೆಟ್ಟಿಗೆ ಎಂದು ಕರೆಯುತ್ತಾಳೆ.

“ಬಿಸಾಕಿ ಅಪ್ಪಾಜಿ ಅದನ್ನ. ಅಂಗಡಿಗೆ ಹೊಸ ಕಂಪ್ಯೂಟರ್ ತಂದುಕೊಟ್ಟಿದ್ದೀನಲ್ಲ” ಎಂದಳು ಮಗಳು.

“ನಾನು ಹಳೇ ಗೋಣಿಚೀಲ ಮಾರಿ ಮನೆ ಕಟ್ಟಿಸಿದವನು ಕಣಮ್ಮ. ತಳ ಗಟ್ಟಿಯಿರೋತನಕ ಯಾವುದೂ ಹಳೇದಲ್ಲ!” ಎಂದು ಎದ್ದು ನಿಂತೆ. ಇಂಥ ಮಾತುಗಳನ್ನು ಕೂತು ಆಡಬಾರದು. “ಕೇಳಿಸ್ಕೊ. ನಿನ್ನ ಹೊಸ ಕಂಪ್ಯೂಟರ್ ಈ ಯಂತ್ರದ ಮುಂದೆ ಮಂಡಿಯೂರಿ, ಇದು ಹೇಳಿದ್ದನ್ನೆಲ್ಲ ಕೈಕಟ್ಟಿ ಬರ್ಕೊಳ್ಳುತ್ತೆ. ಹಾಗೆ ಮಾಡಿಸದಿದ್ರೆ ನಾನು ನಂಜುಂಡಸ್ವಾಮಿಯೇ ಅಲ್ಲ!”

“ಕೈಕಟ್ಕೊಂಡು ಹೆಂಗೆ ಬರ್ಕೊಳ್ಳುತ್ತೆ ಅಪ್ಪಾಜಿ?”

ಹೇಳಿದೆನಲ್ಲ, ಬಾಯಿ ಕಟ್ಟಲು ಆಗುವುದಿಲ್ಲ.

ಈ ಶಪಥದ ಹಿಂದೆ ಒಂದು ಶುಭಕಾರ್ಯವಿತ್ತು. ಶಿವರಂಜನಿಯ ಕಾರ್ಖಾನೆಯಲ್ಲೇ ಕೆಲಸ ಮಾಡುವ ಚಂದ್ರಶೇಖರ್ ಎಂಬ ಹುಡುಗ, ಟಿ. ನರಸೀಪುರದವನು. ಕಾರ್ಖಾನೆ ಬಸ್ಸಿನಲ್ಲಿ ಇವರಿಬ್ಬರೂ ಮಾತಾಡಿ ಮಾತಾಡಿ ಮಾತನ್ನು ಮದುವೆಯ ಸ್ಟಾಪಿನವರೆಗೆ ತಂದು ನಿಲ್ಲಿಸಿದ್ದರು. ಹುಡುಗನ ತಂದೆ ನಂಜುಂಡಸ್ವಾಮಿ ಮೇಷ್ಟ್ರು, ನಿವೃತ್ತ ಹೆಡ್ಮಾಸ್ಟರು. ಹೌದು, ಅವರ ಹೆಸರೂ ನನ್ನದೇ. ನಮ್ಮ ಸೀಮೆಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ನಂಜುಂಡಸ್ವಾಮೀ’ ಎಂದು ಕೂಗಿದರೆ ಒಂದು ಬಸ್ಸು ಖಾಲಿಯಾಗುತ್ತದೆ. ಮೇಷ್ಟ್ರದು ಒಂದೇ ಷರತ್ತು: “ಹೆಣ್ಣಿನ ತಂದೆ ಮರ್ಯಾದೆಯಾಗಿ ಕರೆದರೆ ಈ ಭಾನುವಾರ ಬರ್ತೀವಿ. ಕರೀದಿದ್ರೆ ಮುಂದಿನ ಭಾನುವಾರ ಬೇರೆ ಹೆಣ್ಣು ನೋಡ್ತೀವಿ.”

“ಹೋಗಿ ಕರೆದು ಬನ್ನಿ. ಒಂದು ಬಸ್ಸಿನ ದೂರ” ಎಂದಳು ಗುರುಬಸಮ್ಮ.

“ಚಂದ್ರು ಅಪ್ಪನ ನಂಬರ್ ಕೊಡ್ತೀನಿ, ಫೋನಾದ್ರೂ ಮಾಡಿ” ಎಂದಳು ಮಗಳು.

“ನೀನೇನು ಕೊಡೋದು? ಮೇಷ್ಟ್ರು ನನ್ನ ಹತ್ರ ಚೀಲ ತಗೊಂಡಿದ್ದಾರೆ, ಇಪ್ಪತ್ತು ವರ್ಷದ ಹಿಂದೆ. ಅವರ ನಂಬರು ಇದರಲ್ಲಿದೆ! ಮೊದಲು ಸಿಂಕ್ ಮಾಡಿಸ್ತೀನಿ. ಆಮೇಲೆ ಹೊಸ ಕಂಪ್ಯೂಟರಿನಿಂದಲೇ ಮೇಷ್ಟ್ರಿಗೆ ಆಹ್ವಾನ ಹೋಗುತ್ತೆ, ರಾಜಮರ್ಯಾದೆಯಲ್ಲಿ.”

ಸಿಂಕ್ ಎಂದರೆ ಆರ್ಗನೈಸರಿನಲ್ಲಿರುವುದನ್ನು ಕಂಪ್ಯೂಟರಿಗೆ ದಾಟಿಸಿ ಎರಡನ್ನೂ ಒಂದೇ ಸಮ ಮಾಡುವುದು. ಆರ್ಗನೈಸರಿನ ತಂತಿಯನ್ನು ಕಂಪ್ಯೂಟರಿಗೆ ಚುಚ್ಚಿದೆ. ಕಂಪ್ಯೂಟರು ಒಂದು ಕ್ಷಣ ಯೋಚಿಸಿ ‘ಅಪರಿಚಿತ ಸಾಧನ’ ಎಂದಿತು. ಮನೆಗೇ ಅಂಟಿಕೊಂಡ ನನ್ನ ಅಂಗಡಿಯ ಮೇಜಿನ ಮೇಲೆ, ನನ್ನ ಕರೆಂಟು ಕುಡಿಯುತ್ತಾ, ನನ್ನ ಆರ್ಗನೈಸರನ್ನು ಅಪರಿಚಿತ ಎನ್ನುವ ಧೈರ್ಯ! ತಂತಿ ಕಿತ್ತು ಮತ್ತೆ ಚುಚ್ಚಿದೆ. ಉಫ್ ಎಂದು ಊದಿ ಚುಚ್ಚಿದೆ. ತಂತಿಗೆ ವಿಭೂತಿ ಹಚ್ಚಿ ಚುಚ್ಚಿದೆ. ಅಪರಿಚಿತ, ಅಪರಿಚಿತ, ಅಪರಿಚಿತ.

“ಸಿಂಕ್ ಆಗ್ತಿಲ್ಲ ಕಣೇ” ಎಂದು ಊಟಕ್ಕೆ ಕೂತಾಗ ಗೋಳಾಡಿದೆ.

“ಅಡುಗೆಮನೆ ಸಿಂಕೂ ಕಟ್ಕೊಂಡು ತಿಂಗಳಾಯ್ತು. ಬರೋನು ಯಾರೋ ಅವನಿಗೆ ಎರಡನ್ನೂ ತೋರಿಸಿ” ಎಂದಳು ಗುರುಬಸಮ್ಮ.

ಬಸ್ ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ಅಂಗಡಿಯ ಕೃಷ್ಣನನ್ನು ಕರೆಸಿದೆ. ಅವನು ಆರ್ಗನೈಸರನ್ನು ಅಂಗೈಲಿಟ್ಟುಕೊಂಡು ಹಕ್ಕಿಮರಿ ನೋಡಿದ ಹಾಗೆ ನೋಡಿದ.

“ಸಾ, ಇನ್ನೂ ಉಸಿರಾಡ್ತಾ ಅದೆ!”

“ಉಸಿರಾಡೋದೇನು ಬಂತು, ನಿನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತೆ.”

“ಅದ್ಕೇನಂತೆ ಸಾ. ಇದು ಮಾತಾಡೋ ಭಾಷೆ ಈಗಿನ ಕಂಪ್ಯೂಟ್ರಿಗೆ ಬರಾಕಿಲ್ಲ. ಹೊಸ ಕಂಪ್ಯೂಟ್ರೊಳಗೇ ಒಂದು ಹಳೇ ಕಂಪ್ಯೂಟ್ರು ಕುಂಡ್ರಿಸ್ಬೇಕು.”

ಚೀಲದೊಳಗೆ ಚೀಲ! ಇದು ನನ್ನ ಕಸುಬೇ ಅಲ್ಲವೇ? “ಕುಂಡ್ರಿಸಪ್ಪ” ಎಂದೆ. ಕೃಷ್ಣ ಕಂಪ್ಯೂಟರಿನೊಳಗೆ ಅದರ ತಾತನನ್ನು ತಂದು ಕೂರಿಸಿದ. ತಾತನಿಗೂ ನನ್ನ ಆರ್ಗನೈಸರಿಗೂ ನೋಡಿದ ಕೂಡಲೇ ಗುರುತು ಹತ್ತಿತು. ಟಿಣ್ ಟಿಣ್ ಎಂದು ಕುಶಲ ವಿಚಾರಿಸಿಕೊಂಡವು. ಹೆಸರುಗಳು ಸಾಲುಸಾಲಾಗಿ ಈ ಕಡೆಯಿಂದ ಆ ಕಡೆಗೆ ನಡೆದವು. ಗೆದ್ದೆ! ಮೀಸೆ ಇಲ್ಲದಿದ್ದರೂ ತಿರುವಿಕೊಂಡೆ.

ಕೃಷ್ಣ ಹೊರಟ ಮೇಲೆ ಕಂಪ್ಯೂಟರು ಒಂದು ಪ್ರಶ್ನೆ ಕೇಳಿತು: ‘ಒಂದೇ ಹೆಸರಿನ ನಕಲುಗಳು ಸಿಕ್ಕಿವೆ. ಒಂದಾಗಿ ಸೇರಿಸಲೇ?’

“ಅಪ್ಪಾಜಿ, ಬೇಡ ಅನ್ನಿ” ಎಂದಳು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಟಿದ್ದ ಶಿವರಂಜನಿ.

ವ್ಯಾಪಾರಿಗೆ ನಕಲು ಎಂಬ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಜಾಗ ಉಳಿಯುವುದಾದರೆ ಉಳಿಯಲಿ ಎಂದು, ಅವಳು ಗೇಟು ದಾಟಿದ ಕೂಡಲೇ ‘ಸೇರಿಸು’ ಒತ್ತಿದೆ.

ಮೇಷ್ಟ್ರ ಹೆಸರು ಹುಡುಕಿದೆ. ಸಿಕ್ಕಿತು. ಅಬ್ಬಬ್ಬಾ! ಒಬ್ಬ ನಂಜುಂಡಸ್ವಾಮಿಯ ಕೆಳಗೆ ಗೊನೆಯಲ್ಲಿ ಬಾಳೆಹಣ್ಣು ತೂಗಿದ ಹಾಗೆ ನಂಬರುಗಳು! ಇಷ್ಟು ಫೋನು ಇಟ್ಟುಕೊಂಡವರು ಸಾಮಾನ್ಯರಲ್ಲ, ಸಂಬಂಧ ಗಟ್ಟಿ ಎಂದುಕೊಂಡೆ. ‘ಯಾವ ನಂಬರಿಗೆ ಕಳುಹಿಸಲಿ?’ ಎಂದು ಕೇಳಿತು. ಯಾವುದನ್ನು ಜೇಬಿನಲ್ಲಿಟ್ಟಿರುತ್ತಾರೋ ಏನೋ, ‘ಎಲ್ಲಕ್ಕೂ’ ಎಂದೆ. ಹೆಣ್ಣಿನ ವಿಷಯವನ್ನು ಮೆಸೇಜಿನಲ್ಲಿ ಬಿಚ್ಚಿ ಬರೆಯುವುದು ಮರ್ಯಾದೆಯಲ್ಲ. ಆದ್ದರಿಂದ ಹೀಗೆ ಬರೆದೆ: ‘ಮಾನ್ಯರೇ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಗೆ ದಯಮಾಡಿಸಿ. ನೋಡಿ. ಒಪ್ಪಿಗೆಯಾದರೆ ಅಂದೇ ಮಾತು ಮುಗಿಸೋಣ. ನಂಜುಂಡಸ್ವಾಮಿ, ಗೋಣಿಚೀಲದ ಅಂಗಡಿ.’

ಮರುಕ್ಷಣವೇ ನನ್ನ ಮೊಬೈಲೂ ಕುಂಯ್ ಎಂದಿತು. ನೋಡಿದರೆ ಅದೇ ಆಹ್ವಾನ! ನಾನೂ ನಂಜುಂಡಸ್ವಾಮಿಯೇ ಅಲ್ಲವೇ? ಮೇಷ್ಟ್ರಿಗೆ ಹೋದುದರ ಪ್ರತಿ ನನಗೂ ಬಂದಿದೆ, ಒಳ್ಳೆಯ ವ್ಯವಸ್ಥೆ ಎಂದುಕೊಂಡೆ. ಸಂಜೆಯೊಳಗೆ ‘ಆಗಲಿ’, ‘ಬತ್ತೀನಿ’, ‘ಖಂಡಿತಾ’ ಎಂದು ಉತ್ತರಗಳು ಸುರಿದವು.

“ಮೇಷ್ಟ್ರಿಗೆ ಎಷ್ಟು ಆತುರ ನೋಡೇ! ಎಲ್ಲಾ ಫೋನಿನಿಂದಲೂ ಒಪ್ಕೊಂಡಿದ್ದಾರೆ!”

“ಅಷ್ಟು ಆತುರದ ಮನೆ ನನಗೆ ಯಾಕೋ ಅನುಮಾನ” ಎಂದಳು ಗುರುಬಸಮ್ಮ.

ಭಾನುವಾರ ಮನೆ ತುಂಬಾ ಕೇಸರಿಬಾತಿನ ಘಮ. ಹತ್ತಕ್ಕೂ ಮೊದಲೇ ಬಿಳಿ ಪಂಚೆಯ ಹಿರಿಯರೊಬ್ಬರು ಬಂದು, “ನಾನು ನಂಜುಂಡಸ್ವಾಮಿ. ಮೆಸೇಜ್ ಆಕಿದ್ರಲ್ಲ” ಎಂದರು. ಮೇಷ್ಟ್ರನ್ನು ನೋಡಿ ಇಪ್ಪತ್ತು ವರ್ಷ. ಕೂದಲು ಹೋದ ಮೇಲೆ ಎಲ್ಲರೂ ಒಂದೇ ಥರ. ಕೈಹಿಡಿದು ಒಳಗೆ ಕೂರಿಸಿದೆ.

“ಮನೆಯವರು ಬರಲಿಲ್ವೇ?”

“ಇದ್ಕೆಲ್ಲ ಅವ್ಳ್ಯಾಕೆ? ನಾನು ನೋಡುದ್ರೆ ಮುಗೀತು. ಗುಣ ಎಂಗೆ?”

“ಚಿನ್ನದಂಥ ಗುಣ. ಸ್ವಲ್ಪ ಬಾಯಿ ಜೋರು.”

“ಕೂಗ್ತದೆ ಅನ್ನಿ. ಅದೇನು ದೊಡ್ಡದಲ್ಲ. ಒದೀತದಾ?”

ಮೇಷ್ಟ್ರ ಮಾತು ಸ್ವಲ್ಪ ಒರಟು ಎನಿಸಿತು. ಹೆಡ್ಮಾಸ್ಟರಲ್ಲವೇ, ಸಹಿಸಿಕೊಂಡೆ. “ಛೆ ಛೆ, ಇಲ್ಲಿವರೆಗೂ ಯಾರನ್ನೂ ಒದ್ದಿಲ್ಲ.”

“ಬೆಳಿಗ್ಗೆ ಎಷ್ಟು ಆಲು?”

“ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ.”

“ಒಂದೇ ಲೋಟ್ವಾ? ಕರೆಯೋರಿಗೆ ಕರೆಯಾಕೆ ಬರಾಕಿಲ್ಲ ಬುಡಿ. ಎಲ್ಲಿ, ಇಡ್ಕೊಂಡು ಬನ್ನಿ. ಅಗ್ಗ ತಂದಿವ್ನಿ!”

ಅಷ್ಟರಲ್ಲಿ ರೇಷ್ಮೆ ಸೀರೆಯುಟ್ಟು, ತಟ್ಟೆ ಹಿಡಿದು ಬಂದ ಶಿವರಂಜನಿ ಚೀಲದಿಂದ ಹೊರಬರುತ್ತಿದ್ದ ಹಗ್ಗವನ್ನು ನೋಡಿದಳು, ನನ್ನನ್ನು ನೋಡಿದಳು. “ನಮಸ್ಕಾರ. ಅಪ್ಪಾಜಿ ಅಲ್ಲೇ ಕೂತಿದ್ದಾರೆ, ಕಟ್ಕೊಂಡು ಹೋಗಿ” ಎಂದಳು.

ಬಂದವರು ಮೇಷ್ಟ್ರಲ್ಲ, ಹೆಡತಲೆ ಊರಿನ ದನದ ದಲ್ಲಾಳಿ ನಂಜುಂಡಸ್ವಾಮಿ! ನಾನು ಹಸು ಮಾರುತ್ತಿದ್ದೇನೆಂದು ತಿಳಿದು ಬಂದಿದ್ದ. ಅವನಿಗೆ ಸಮಜಾಯಿಷಿ ಹೇಳುವಷ್ಟರಲ್ಲಿ ಹಿತ್ತಲಿನಿಂದ ಗುರುಬಸಮ್ಮನ ಕೂಗು: “ರೀ, ಇಲ್ಲಿ ಯಾರೋ ತೆಂಗಿನಕಾಯಿ ಅಂಗೈಲಿ ಇಟ್ಕೊಂಡು ಓಡಾಡ್ತಾವ್ರೆ!” ಅದು ಬೋರ್‌ವೆಲ್ಲಿಗೆ ನೀರು ತೋರಿಸುವ ನಂಜುಂಡಸ್ವಾಮಿ. ಜಾಗ ‘ನೋಡಿ’ ಎಂದಿದ್ದೆನಲ್ಲ, ನೋಡುತ್ತಿದ್ದ! ನನ್ನ ಸ್ಕೂಟರನ್ನು ಬಗ್ಗಿಸಿ ಅದರ ಹೊಟ್ಟೆ ನೋಡುತ್ತಿದ್ದವನು ಗ್ಯಾರೇಜ್ ನಂಜುಂಡಸ್ವಾಮಿ. ಹೊರಗೆ ಟೆಂಪೋ ನಿಲ್ಲಿಸಿ, “ಸರಕು ಎಲ್ಲದೆ ಸಾ?” ಎಂದವನು ಟೆಂಪೋ ನಂಜುಂಡಸ್ವಾಮಿ. ಬಾಳೆ ಮಂಡಿಯವನು, ಅಕ್ಕಿ ಗಿರಣಿಯವನು, ಗಿರಣಿಯವನ ಭಾವ... ಜಗುಲಿ ತುಂಬಿ, ಚಪ್ಪಲಿಗಳು ರಸ್ತೆಗೆ ಇಳಿದವು.

ಬರಬೇಕಾಗಿದ್ದ ಒಬ್ಬರನ್ನು ಬಿಟ್ಟು ಜಗತ್ತಿನ ಸಕಲ ನಂಜುಂಡಸ್ವಾಮಿಗಳೂ ಬಂದಿದ್ದರು!

ಶಿವರಂಜನಿ ಕಂಪ್ಯೂಟರಿನ ಮುಂದೆ ಕೂತು ಆ ನಂಬರಿನ ಗೊನೆಯನ್ನು ನೋಡಿದಳು. “ಮೇಷ್ಟ್ರದು ಅಂತ ನೀವು ಬರ್ಕೊಂಡಿದ್ದು ಲ್ಯಾಂಡ್‌ಲೈನ್, ಅಪ್ಪಾಜಿ. ಅದಕ್ಕೆ ಮೆಸೇಜ್ ಹೋಗಲ್ಲ. ಆ ಫೋನೇ ಈಗ ಇಲ್ಲ.”

“ಯಂತ್ರದ ತಪ್ಪೇನಿಲ್ಲ. ಫೋನು ತೆಗೆಸಿದ್ದು ಮೇಷ್ಟ್ರು!” ಎಂದೆ. ಸೋಲುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ.

ಅವಳ ಮೊಬೈಲು ರಿಂಗಾಯಿತು. ಚಂದ್ರಶೇಖರ್. ಕೇಳುತ್ತಾ ಕೇಳುತ್ತಾ ಅವಳ ಮುಖ ಸಣ್ಣದಾಯಿತು. ಫೋನು ಕೆಳಗಿಟ್ಟು, “ಅವರಪ್ಪ ಮೂರು ದಿನದಿಂದ ನಿಮ್ಮ ಕರೆಗೆ ಕಾದ್ರಂತೆ. ಬೆಳಿಗ್ಗೆ ಜರಿಪಂಚೆ ಉಟ್ಕೊಂಡು ಕೂತಿದ್ರಂತೆ. ಈಗ ಬಿಚ್ಚಿ ಲುಂಗಿ ಉಟ್ಕೊಂಡುಬಿಟ್ರಂತೆ” ಎಂದಳು. ಆ ಬಾಯಿ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಕೂತ ಕುರ್ಚಿ ಚುಚ್ಚಿತು.

ಗಂಡಿನ ತಂದೆ ಲುಂಗಿ ಉಟ್ಟರೆಂದರೆ ಸಂಬಂಧ ಮುರಿದ ಹಾಗೆಯೇ. ನಾನು ಎಂಥ ಮಾತಿಗೂ ಉತ್ತರ ಕೊಡಬಲ್ಲವನು, ಲುಂಗಿಗೆ ಏನು ಉತ್ತರ ಕೊಡಲಿ?

ಗುರುಬಸಮ್ಮ ಕೇಸರಿಬಾತಿನ ಪಾತ್ರೆಗೆ ಬಟ್ಟೆ ಕಟ್ಟುತ್ತಾ ಬಂದಳು. “ಟೆಂಪೋ ಯಾರದ್ದು?”

“ನಂದು ಕಣಕ್ಕಾ” ಎಂದ ಟೆಂಪೋ ನಂಜುಂಡಸ್ವಾಮಿ. “ಸರಕು?”

“ನಾವೇ ಸರಕು. ನರಸೀಪುರಕ್ಕೆ ನಡಿ.”

ಉಳಿದವರು ಮನೆಗೆ ಹೋದಾರು ಎಂದುಕೊಂಡೆ. ಹೋಗಲಿಲ್ಲ. “ಹೆಣ್ಣುಮಗಿನ ಇಷ್ಯ ಅಂದ್ಮೇಲೆ ನಾವೆಂಗೆ ಓಗದು? ನಡೀಲಾ” ಎಂದು ದಲ್ಲಾಳಿ ಹಗ್ಗದ ಸಮೇತ ಮೊದಲು ಹತ್ತಿದ. ಹಸು ನೋಡಲು, ನೀರು ನೋಡಲು ಬಂದವರೆಲ್ಲ ಹೆಣ್ಣಿನ ಕಡೆಯವರಾಗಿಬಿಟ್ಟರು! ಮುಂದೆ ಶಿವರಂಜನಿ ಮತ್ತು ಅವಳಮ್ಮ, ಹಿಂದೆ ನಂಜುಂಡಸ್ವಾಮಿಗಳ ನಡುವೆ ಪಾತ್ರೆ ಅಪ್ಪಿಕೊಂಡು ನಾನು.

ಮೇಷ್ಟ್ರು ಲುಂಗಿಯಲ್ಲೇ ಗೇಟಿಗೆ ಬಂದರು. ಟೆಂಪೋದಿಂದ ಧುಮುಕುತ್ತಿದ್ದ ದಂಡನ್ನು ನೋಡಿ, “ಯಾರು ನೀವು?” ಎಂದು ದಲ್ಲಾಳಿಯನ್ನು ಕೇಳಿದರು.

“ನಂಜುಂಡಸ್ವಾಮಿ.”

“ನೀವು?”

“ನಂಜುಂಡಸ್ವಾಮಿ, ಸಾ.”

“ನೀವು?”

“ನಾನೂವೆ.”

ಕೊನೆಗೆ ನನ್ನ ಸರದಿ. ಪಾತ್ರೆಯ ಹಿಂದಿನಿಂದ ಮೆತ್ತಗೆ ಹೆಸರು ಹೇಳಿದೆ. ಮೇಷ್ಟ್ರ ಮುಖ ಕೆಂಪಾಯಿತು. “ಇಷ್ಟು ವರ್ಷ ಹಾಜರಿ ಕೂಗಿದ್ದೀನಿ. ಒಂದೇ ಹೆಸರಿಗೆ ಇಷ್ಟು ಜನ ಎದ್ದು ನಿಂತಿರಲಿಲ್ಲ. ನನ್ನ ಹೆಸರನ್ನ ಗೇಲಿ ಮಾಡೋಕೆ ಟೆಂಪೋ ಮಾಡ್ಕೊಂಡು ಬಂದ್ರಾ?”

ನನ್ನ ನಾಲಿಗೆಯ ತುದಿಯಲ್ಲಿ ತಯಾರಾಗಿದ್ದದ್ದು, ‘ಫೋನು ತೆಗೆಸಿದ್ದು ನೀವೇ ಅಲ್ಲವೇ?’ ಪುಣ್ಯಕ್ಕೆ ಶಿವರಂಜನಿ ನನಗಿಂತ ಮೊದಲು ಬಾಯಿ ತೆರೆದಳು.

“ಗೇಲಿ ಅಲ್ಲ ಸಾರ್. ನಿಮ್ಮನ್ನ ಕರೀಬೇಕು ಅಂತ ನಮ್ಮಪ್ಪ ನಿಮ್ಮ ಹೆಸರಿನವರನ್ನ ಒಬ್ಬರನ್ನೂ ಬಿಡದೆ ಕರೆದಿದ್ದಾರೆ. ಇದಕ್ಕಿಂತ ಮರ್ಯಾದೆಯಾಗಿ ಯಾರೂ ಯಾರನ್ನೂ ಕರೆದಿರಲ್ಲ. ನೀವು ನನ್ನ ನೋಡೋಕೆ ಬರಲಿಲ್ಲ, ಅದಕ್ಕೇ ನಾನೇ ನಿಮ್ಮ ಮನೆ ನೋಡೋಣ ಅಂತ ಬಂದೆ. ಒಳಗೆ ಬರಲಾ, ಗೇಟಲ್ಲೇ ನೋಡ್ಕೊಂಡು ಹೋಗಲಾ?”

ಬಾಗಿಲಲ್ಲಿ ಚಂದ್ರಶೇಖರ್ ಉಗುರು ಕಚ್ಚುತ್ತಿದ್ದ. ಅವನ ಹಿಂದಿನಿಂದ ಅವನ ತಾಯಿ ಚನ್ನಾಜಮ್ಮನ ದನಿ ಬಂತು: “ರೀ, ಮಗು ಬಿಸಿಲಲ್ಲಿ ನಿಂತದೆ. ಹಾಜರಿ ಒಳಗೆ ಬಂದು ಕೂಗಿ.”

ಮೇಷ್ಟ್ರು ಶಿವರಂಜನಿಯನ್ನು ನೋಡಿದರು, ದಂಡನ್ನು ನೋಡಿದರು, ತಮ್ಮ ಲುಂಗಿಯನ್ನು ನೋಡಿಕೊಂಡರು. “ಬನ್ನಿ” ಎಂದು ಗೇಟು ತೆರೆದವರು ಸೀದಾ ಒಳಗೋಡಿದರು. ಮತ್ತೆ ಹೊರಬಂದಾಗ ಜರಿಪಂಚೆ ಉಟ್ಟಿದ್ದರು! ಗುರುಬಸಮ್ಮ ನನ್ನ ಪಕ್ಕೆಗೆ ತಿವಿದಳು. ನಾನು ಕಣ್ಣೊರೆಸಿಕೊಂಡೆ. ಕೇಸರಿಬಾತಿನ ಹಬೆ, ಬೇರೇನಿಲ್ಲ.

ಕೇಸರಿಬಾತು ಹಂಚಿ, ಮಾತು ಮುಗಿದು, ತಾಂಬೂಲ ಬದಲಾಯಿಸುವಾಗ ಮೇಷ್ಟ್ರು ಕೈಯೆತ್ತಿ ತಡೆದರು.

“ಹುಡುಗಿ ಒಪ್ಪಿಗೆ. ವರದಕ್ಷಿಣೆ ಗಿರದಕ್ಷಿಣೆ ಏನೂ ಬೇಡ. ನಮ್ಮದು ಒಂದೇ ಒಂದು ಷರತ್ತು.”

“ಅಪ್ಪಣೆಯಾಗಲಿ” ಎಂದೆ ಎದೆಯುಬ್ಬಿಸಿ.

“ಮದುವೆಗೆ ಜನ ಕರೆಯೋ ಕೆಲಸಕ್ಕೆ ಮಾತ್ರ ನೀವು ಕೈ ಹಾಕಬೇಡಿ.”

ನಂಜುಂಡಸ್ವಾಮಿಗಳೆಲ್ಲ ಚಪ್ಪಾಳೆ ತಟ್ಟಿದರು. ಷರತ್ತನ್ನು ನಾನು ಪಾಲಿಸುತ್ತಿದ್ದೇನೆ. ಆರ್ಗನೈಸರ್ ವಿಷಯದಲ್ಲಿ ನನ್ನ ನಿಲುವು ಮಾತ್ರ ಒಂದಿಂಚೂ ಕದಲಿಲ್ಲ, ಈ ಬರಹ ಓದಿ ಯಾರೂ ಹಾಗೆ ತಿಳಿಯಬಾರದು.

ಆದರೆ ಶಿವರಂಜನಿಗೆ ನಾನು ‘ತಪ್ಪಾಯ್ತು ಮಗಳೇ’ ಎಂಬ ಒಂದು ಮಾತು ಹೇಳಬೇಕು. ಇನ್ನೂ ಹೇಳಿಲ್ಲ.