ಎರಡು ಹೊಟ್ಟೆಯ ಜನರೇಟರ್

ಅಂದಪ್ಪನ ಬಾಯಿಂದ ಹೊರಬಿದ್ದದ್ದು ಒಂದೇ ಒಂದು ಸುಳ್ಳು, ಅದೂ ಸಣ್ಣದು. ಬಾಗಲಕೋಟೆಯ ಕಚೇರಿಯಲ್ಲಿ ಹೊಳಬಸಪ್ಪ ಸಾಹೇಬರ ಮುಂದೆ ನಿಂತು ಬೆವರು ಒರೆಸಿಕೊಳ್ಳುತ್ತ, "ಫ್ಯಾನ್ ಇಲ್ಲಂದ್ರ ನನಗ ನಿದ್ದಿನ ಹತ್ತೂದಿಲ್ರಿ ಸಾಹೇಬ್ರ. ಚೊಳಚಗುಡ್ಡದಾಗ ಹೊಲದ ಮನಿ ಐತಲ್ರಿ, ಅಲ್ಲಿಗೂ ಕರೆಂಟ್ ತಗೊಂಡು ಫ್ಯಾನ್ ಹಾಕ್ಸೇನಿ" ಎಂದುಬಿಟ್ಟಿದ್ದ.

ಅಂದಪ್ಪ ಬಾದಾಮಿಯ ದನದ ದವಾಖಾನೆಯಲ್ಲಿ ಕಾಂಪೌಂಡರ್. ಎಂಬತ್ತಾರನೇ ಇಸವಿಯ ಆ ಬೇಸಿಗೆಯಲ್ಲಿ ಅವನಿಗೆ ಬದಲಿ ಹುಕುಂ ಬಂದಿತ್ತು. ಹೋಗಬೇಕಾದದ್ದು ಹೊಳೆಯಾಚೆ ಗುಡ್ಡದ ಮೇಲಿನ ಕುರಿ ಸಾಕಣೆ ಕೇಂದ್ರಕ್ಕೆ. ಅಲ್ಲಿದ್ದದ್ದು ಕುರಿ, ಗಾಳಿ ಮತ್ತು ಒಂದು ತಗಡಿನ ಕೋಣೆ. ವಿದ್ಯುತ್ತು ಗುಡ್ಡದ ಬುಡಕ್ಕೂ ಬಂದಿರಲಿಲ್ಲ. ಬದಲಿ ರದ್ದು ಮಾಡಿಸಲು ಹೋದ ಅಂದಪ್ಪ ಸಾಹೇಬರಿಗೆ ಮರುಕ ಹುಟ್ಟಲಿ ಎಂದು ಆ ಮಾತು ಆಡಿದ್ದ. ಸಾಹೇಬರಿಗೆ ಹುಟ್ಟಿದ್ದು ಕುತೂಹಲ.

"ಹೊಲದಾಗ ಫ್ಯಾನ್! ಒಮ್ಮಿ ಬಂದು ನೋಡಬೇಕಲ್ರಿ ಅಂದಪ್ಪ" ಎಂದಿದ್ದರು.

ಆ "ಒಮ್ಮೆ" ಎಂಬುದು ಎರಡನೇ ಶನಿವಾರ ಮುಂಜಾನೆ ಬಂದು ಬಾಗಿಲು ಬಡಿಯಿತು. ದವಾಖಾನೆಯ ಜವಾನ ಏದುಸಿರು ಬಿಡುತ್ತ ಹೇಳಿದ: "ಫೋನ್ ಬಂದಿತ್ರಿ. ಸಾಹೇಬ್ರು ಇವತ್ತ ಬನಶಂಕರಿ ದರ್ಶನಕ್ಕ ಬರ್ತಾರಂತ. ಸಂಜಿಮುಂದ ನಿಮ್ಮ ಹೊಲದ ಮನ್ಯಾಗ ಊಟಂತ್ರಿ."

ಅಂದಪ್ಪನ ಹೊಲದ ಮನೆ ಎಂದರೆ ಪೇರಲ ಗಿಡಗಳ ನಡುವೆ ಒಂದು ಕೋಣೆ, ಮುಂದೊಂದು ಕಟ್ಟೆ, ಹಿಂದೊಂದು ಒಲೆ. ಅಲ್ಲಿಂದ ಹತ್ತಿರದ ವಿದ್ಯುತ್ ಕಂಬ ನೋಡಬೇಕೆಂದರೆ ಡಾಂಬರು ರಸ್ತೆಗೇ ಹೋಗಬೇಕು.

"ಲಾಟೀನು ತಿಕ್ಕಿ ಇಡ್ಲೇನ್ರಿ?" ಎಂದು ಹೆಂಡತಿ ಇಂದ್ರಾಬಾಯಿ ಕೇಳಿದಳು.

"ನಗ್ಯಾಡಬ್ಯಾಡ. ಫ್ಯಾನ್ ಹಾಕ್ಸೇನಿ ಅಂತ ಸಾಹೇಬ್ರಿಗೆ ಹೇಳೇನಿ."

"ಖರೆ ಹೇಳಿಬಿಡ್ರಿ. ಸಾಹೇಬ್ರೇನು ತಿಂದು ಬಿಡ್ತಾರೇನು?"

"ತಿನ್ನೂದಿಲ್ಲ. ಕುರಿ ಕಾಯಾಕ ಕಳಸ್ತಾರ."

ಇಷ್ಟರಲ್ಲಿ ಪಕ್ಕದ ಗೋಡೆಯ ಮೇಲೆ ಒಂದು ತಲೆ ಮೂಡಿತು. ಅದು ಪಾಂಡಪ್ಪನದು. ಅಂದಪ್ಪನಿಗೆ ಊರಲ್ಲೂ ಅವನೇ ನೆರೆ, ಹೊಲದಲ್ಲೂ ಅವನೇ ನೆರೆ. ಹೊಲದಲ್ಲಿ ಅವನದೊಂದು ಡೀಸೆಲ್ ಪಂಪ್‌ಸೆಟ್ ಇತ್ತು. ಅದನ್ನು ಒಮ್ಮೆ ತಾನೇ ಬಿಚ್ಚಿ ಜೋಡಿಸಿದ್ದ. ಜೋಡಿಸಿದ ಮೇಲೆ ಒಂದು ಬುಟ್ಟಿ ಸಾಮಾನು ಉಳಿದಿತ್ತು. ಕಂಪನಿಯವರು ಹೆಚ್ಚಿಗೆ ಹಾಕಿದ್ದರೆಂದು ಅವನ ವಾದ. ಅಂದಿನಿಂದ ಅವನು ಓಣಿಗೆಲ್ಲ ಇಂಜಿನಿಯರ್.

"ಲೇ ಅಂದಪ್ಪ, ಜನರೇಟರ್ ತರೂಣು ನಡಿ. ಬಾಗಲಕೋಟ್ಯಾಗ ಸಿಗ್ತಾವ. ಸಾಹೇಬ್ರು ಬರೂದ್ರಾಗ ಲೈಟ್ ಹತ್ತಿಸಿ ಬಿಡೂಣು."

"ಸಪ್ಪಳ ಕೇಳಿದ್ರ ಗೊತ್ತಾಗೂದಿಲ್ಲೇನೋ?"

"ನನ್ನ ಪಂಪಿನ ಶೆಡ್ಡಿನ್ಯಾಗ ಇಡೂಣು. ಕೇಳಿದ್ರ, ಪಾಂಡಪ್ಪ ನೀರ ಹಾಯಿಸಾಕತ್ತಾನ ಅನ್ನು."

ಅಂದಪ್ಪನ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ಉಳಿದ ಅರ್ಧ ಪಾಂಡಪ್ಪನೂ ಜೊತೆಗೆ ಬರುತ್ತಾನೆಂಬುದು.

ಬಾಗಲಕೋಟೆಯ ಅಂಗಡಿಕಾರ ತಿಮ್ಮಣ್ಣನ ಎಮ್ಮೆಗೆ ಅಂದಪ್ಪ ಹಿಂದೊಮ್ಮೆ ಔಷಧ ಕುಡಿಸಿದ್ದ. ಆ ಎಮ್ಮೆಯ ಋಣದಿಂದ ಕುರ್ಚಿಯೂ ಚಹಾವೂ ಬಂದವು. ತಿಮ್ಮಣ್ಣ ಮೂರು ಯಂತ್ರ ತೋರಿಸಿದ. ಮೊದಲನೆಯದು ಪೆಟ್ರೋಲಿನದು, ಸಣ್ಣದು, ಹೊಸ ಸೊಸೆಯ ಹಾಗೆ ಮೆಲ್ಲಗೆ ಮಾತಾಡುವಂಥದು.

"ಆದ್ರ ಕುಡಿಯೂದು ಭಾಳ್ರಿ. ರಾತ್ರಿಯೆಲ್ಲಾ ಓಡಿಸಿದ್ರ ಮುಂಜಾನಿ ನೀವು ಪೆಟ್ರೋಲ್ ಬಂಕಿನ್ಯಾಗ ಮಕ್ಕೋಬೇಕು."

ಎರಡನೆಯದು ಡೀಸೆಲ್ಲಿನದು. ಚಾಲು ಮಾಡಿದ ಕೂಡಲೇ ಅಂಗಡಿಯ ಕಪಾಟು, ಚಹಾದ ಕಪ್ಪು, ಅಂದಪ್ಪನ ಕನ್ನಡಕ ಎಲ್ಲವೂ ಕುಣಿದವು. ಪಾಂಡಪ್ಪನಿಗೆ ಅದರ ಮೇಲೆ ಮನಸ್ಸಾಯಿತು.

"ಇದನ್ನ ತಗೋ. ಗಂಡಸಿನಂಗ ಐತಿ. ಎಷ್ಟ ಎಕರೆ ನೀರ ಹಾಯಸ್ತದ್ರಿ ಇದು?"

"ಇದು ನೀರ ಹಾಯಸೂದಿಲ್ರಿ, ಕರೆಂಟ್ ಕೊಡ್ತದ" ಎಂದ ತಿಮ್ಮಣ್ಣ. "ಎತ್ತಾಕ ನಾಕ ಮಂದಿ ಬೇಕು. ನೀವು ಎಷ್ಟ ಮಂದಿ ಬಂದೀರಿ?"

"ಒಂದೂವರೆ ಮಂದಿ" ಎಂದ ಅಂದಪ್ಪ, ಪಾಂಡಪ್ಪನನ್ನು ನೋಡಿ.

ಮೂರನೆಯದಕ್ಕೆ ತಿಮ್ಮಣ್ಣ ಬಟ್ಟೆಯಿಂದ ಮುಖ ಒರೆಸಿದ. "ಇದಕ್ಕ ಎರಡು ಹೊಟ್ಟಿ ನೋಡ್ರಿ. ಸಣ್ಣ ಹೊಟ್ಟಿಗೆ ಪೆಟ್ರೋಲ್, ದೊಡ್ಡ ಹೊಟ್ಟಿಗೆ ಲಾಟೀನಿಗೆ ಹಾಕೂ ಚಿಮಣಿ ಎಣ್ಣಿ. ಏಳಾಕ ಚಾ ಬೇಕು, ದುಡ್ಯಾಕ ರೊಟ್ಟಿ ಬೇಕು, ಅಷ್ಟ. ಪೆಟ್ರೋಲ್ ಮ್ಯಾಲೆ ಹಗ್ಗ ಎಳೀರಿ. ಮೈ ಬಿಸಿಯಾದ ಮ್ಯಾಲೆ ಈ ಚಾವಿ ತಿರುವಿ ಚಿಮಣಿ ಎಣ್ಣಿಗೆ ಹಾಕ್ರಿ. ಬಂದ್ ಮಾಡೂಮುಂದ ಮತ್ತ ಪೆಟ್ರೋಲಿಗೆ ತರ್ರಿ, ಇಲ್ಲಂದ್ರ ಮುನಿಸ್ಕೊಂತದ. ಒಂದು ಫ್ಯಾನ್, ಎರಡು ಬಲ್ಬ್, ಆರಾಮ ಹತ್ತತಾವ. ಎರಡು ದಿನ ಓಡಿಸಿ ನೋಡ್ರಿ. ಒಗ್ಗಲಿಲ್ಲಂದ್ರ ಸೋಮವಾರ ವಾಪಸ್ ತಂದು ಕೊಡ್ರಿ."

ಅಂದಪ್ಪ ಅದಕ್ಕೇ ಕೈ ಹಾಕಿದ. ಇಬ್ಬರು ಹೊತ್ತರೆ ಎದ್ದಿತು. ಅಷ್ಟು ಸಾಕಾಗಿತ್ತು.

ಬಸ್ಸಿನಲ್ಲಿ ಅದನ್ನು ಹಿಂದಿನ ಸೀಟಿನ ಮುಂದೆ ಇಟ್ಟರು. ತಿಮ್ಮಣ್ಣ ಅಂಗಡಿಯಲ್ಲಿ ಓಡಿಸಿ ತೋರಿಸಿದಾಗ ಹಾಕಿದ್ದ ಪೆಟ್ರೋಲು ಸಣ್ಣ ಹೊಟ್ಟೆಯಲ್ಲಿ ಇನ್ನೂ ಉಳಿದಿತ್ತು. ಅದು ಅಂದಪ್ಪನ ಗಮನಕ್ಕೆ ಬರಲಿಲ್ಲ. ಗುಳೇದಗುಡ್ಡದ ಕಡೆಯ ಒಬ್ಬ ಮುದುಕ ಬಗ್ಗಿ ನೋಡಿ, "ಹೊಲಿಗಿ ಮಷಿನ್ ಏನ್ರಿ?" ಎಂದ.

ಪಾಂಡಪ್ಪನಿಗೆ ಅವಮಾನವಾಯಿತು. "ಹೊಲಿಗಿ ಮಷಿನ್ನು? ಹಿಂಗ್ ನೋಡ್ರಿ ಇಲ್ಲಿ!" ಎಂದು ಹಗ್ಗ ಜಗ್ಗಿದ. ಒಂದೇ ಏಟಿಗೆ ಯಂತ್ರ ಡರ್ರೆಂದು ಎದ್ದಿತು.

ಮುಂದೆ ಡ್ರೈವರ್ ಕಿವಿ ನಿಮಿರಿಸಿದ. ಇಂಥ ಸಪ್ಪಳ ತನ್ನ ಬಸ್ಸಿನಿಂದ ಅವನು ಕೇಳಿದ್ದೇ ಇಲ್ಲ. ರಸ್ತೆಯ ಪಕ್ಕಕ್ಕೆ ತಂದು ಇಂಜಿನ್ ಬಂದ್ ಮಾಡಿದ. ಸಪ್ಪಳ ಬಂದ್ ಆಗಲಿಲ್ಲ. ಚಾವಿಯನ್ನೇ ಕಿತ್ತು ಕೈಯಲ್ಲಿ ಹಿಡಿದ. ಆಗಲೂ ಇಲ್ಲ. ಡ್ರೈವರ್ ಹಿಂದಕ್ಕೆ ತಿರುಗಿ ಕೂಗಿದ:

"ಕಂಡಕ್ಟರ್ ಸಾಹೇಬ್ರ, ಇಳೀರಿ! ಎಲ್ಲಾರ್ನೂ ಇಳಸ್ರಿ! ಇಂಜಿನ್ ಬಂದ್ ಮಾಡೇನಿ, ಆದ್ರೂ ಓಡಾಕತ್ತೈತಿ!"

ಜನ ಕಿಟಕಿಯಿಂದಲೂ ಇಳಿದರು. ಖಾಲಿ ಬಸ್ಸಿನಲ್ಲಿ ಉಳಿದವರು ಇಬ್ಬರೇ. ಹೇಗೆ ಬಂದ್ ಮಾಡುವುದೆಂದು ಯಂತ್ರದ ಮೈಯೆಲ್ಲ ತಡವುತ್ತಿದ್ದ ಪಾಂಡಪ್ಪ ಮತ್ತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ ಅಂದಪ್ಪ. ಕೊನೆಗೆ ಪೆಟ್ರೋಲು ಮುಗಿದು ಅದು ತಾನೇ ಸುಮ್ಮನಾಯಿತು. ಡ್ರೈವರ್ ಸುಮ್ಮನಾಗಲಿಲ್ಲ. ಮೂವರನ್ನೂ, ಅಂದರೆ ಯಂತ್ರವನ್ನೂ ಸೇರಿಸಿ, ಅಲ್ಲೇ ಬಿಟ್ಟು ಬಸ್ಸು ಮುಂದೆ ಹೋಯಿತು.

ಬಾದಾಮಿಗೆ ತಲುಪಿಸಿದ್ದು ಕಲ್ಲು ಹೇರಿದ ಒಂದು ಟ್ರ್ಯಾಕ್ಟರ್. ಇಳಿಯುವಾಗ ತನ್ನ ಬೆನ್ನು ಯಾವುದು, ಕಲ್ಲು ಯಾವುದು ಎಂದು ಅಂದಪ್ಪ ಮುಟ್ಟಿ ನೋಡಿಕೊಳ್ಳಬೇಕಾಯಿತು.

ಪೆಟ್ರೋಲು ಒಂದು ಬಾಟಲಿ ಸಿಕ್ಕಿತು. ಚಿಮಣಿ ಎಣ್ಣೆ ಸಿಗಲಿಲ್ಲ. ರೇಷನ್ ಅಂಗಡಿಗೆ ಬೀಗ. ಓಣಿಯಲ್ಲಿ ಎಣ್ಣೆ ಕೂಡಿಟ್ಟವಳು ಸಾವಂತ್ರವ್ವ ಒಬ್ಬಳೇ. ಅವಳ ಹತ್ತಿರ ಎಣ್ಣೆ ಎಷ್ಟಿತ್ತೋ ಅಷ್ಟೇ ಪ್ರಶ್ನೆಗಳೂ ಇದ್ದವು.

"ಎಣ್ಣಿ ಕೊಡ್ತೇನಿ ತಮ್ಮಾ. ಆದ್ರ ಏನ್ ಮಾಡ್ತೀರಂತ ನಾ ಬಂದು ನೋಡಾಕಿ."

"ಯಾರ ಮುಂದನೂ ಹೇಳಬಾರದು ನೋಡಬೇ."

"ನಾ ಯಾರ ಮುಂದ ಹೇಳಲೋ? ನನ್ನ ಬಾಯಿ ಅಂದ್ರ ಬಾವಿ ಇದ್ದಂಗ!"

ಅವಳು ಎಣ್ಣೆ ಸುರಿದುಕೊಟ್ಟದ್ದು ಅಡುಗೆಯ ಕುಸುಬಿ ಎಣ್ಣೆಯ ಹಳೆಯ ಡಬ್ಬಿಯಲ್ಲಿ. ಡಬ್ಬಿಯ ತಳದಲ್ಲಿ ಕುಸುಬಿ ಎಣ್ಣೆ ಇನ್ನೂ ಇತ್ತೆಂಬುದು ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೊತ್ತು ಇಳಿಯುವಷ್ಟರಲ್ಲಿ ಪಾಂಡಪ್ಪನ ಶೆಡ್ಡಿನಿಂದ ಅಂದಪ್ಪನ ಕೋಣೆಯವರೆಗೆ ಗಿಡಗಳ ಮರೆಯಲ್ಲಿ ವೈರು ಹರಿಯಿತು. ಊರ ಮನೆಯ ಟೇಬಲ್ ಫ್ಯಾನು ಕೋಣೆಯ ಮೂಲೆಯಲ್ಲಿ ಕುಳಿತಿತು. ಎರಡು ಬಲ್ಬು ತೂಗಿದವು. ಸಾಹೇಬರ ಜೀಪು ತಿರುವಿನಲ್ಲಿ ಕಂಡಾಗ ಪಾಂಡಪ್ಪ ಹಗ್ಗ ಎಳೆದ. ಬೆಳಕು ಬಂತು! ಅಂದಪ್ಪ ಬನಶಂಕರಿಯ ದಿಕ್ಕಿಗೆ ಕೈ ಮುಗಿದ.

ಸಾಹೇಬರು ಒಳಗೆ ಬಂದು, ಫ್ಯಾನಿನ ಎದುರಿಗೆ ಕುಳಿತು, ಶರ್ಟಿನ ಮೇಲಿನ ಗುಂಡಿ ಬಿಚ್ಚಿದರು. "ಭಾಳ ಚಲೋ ಮಾಡೀರಲ್ರಿ ಅಂದಪ್ಪ! ಅದೇನ್ ಸಪ್ಪಳ?"

"ಬಾಜೂ ಹೊಲದ ಪಾಂಡಪ್ಪನ ಪಂಪ್‌ಸೆಟ್ರಿ. ನೀರ ಹಾಯಿಸಾಕತ್ತಾನ."

"ಕಂಬ ಎಲ್ಲೂ ಕಾಣಲಿಲ್ಲಲ್ಲ?"

"ಗಿಡದ ಮರಿಗೆ ಅದಾವ್ರಿ."

ಸಾಹೇಬರು ಮೂಗು ಅರಳಿಸಿದರು. ಶೆಡ್ಡಿನಲ್ಲಿ ಯಂತ್ರ ಆಗಷ್ಟೇ ದೊಡ್ಡ ಹೊಟ್ಟೆಗೆ ಕೈ ಹಾಕಿತ್ತು. ಕುಸುಬಿ ಎಣ್ಣೆಯ ಹೊಗೆ ಗಾಳಿಯ ಮೇಲೆ ತೇಲಿ ಬಂತು.

"ಭಜಿ ಕರಿಯೂ ವಾಸನಿ ಬರ್ತದ! ನನಗ ಭಜಿ ಭಾಳ ಸೇರ್ತಾವಂತ ನಿಮಗ ಹೆಂಗ ಗೊತ್ತಾತು?"

ಅಂದಪ್ಪ ಹೆಂಡತಿಯ ಮುಖ ನೋಡಿದ. ಅಡುಗೆಯಲ್ಲಿ ರೊಟ್ಟಿ, ಎಣಗಾಯಿ, ಮಾದಲಿ ಇದ್ದವೇ ಹೊರತು ಭಜಿ ಇರಲಿಲ್ಲ. "ಈಗ ತಂದೆ ಸಾಹೇಬ್ರ" ಎಂದು ಇಂದ್ರಾಬಾಯಿ ಹಿಂದಿನ ಒಲೆಗೆ ಓಡಿ, ಹಿಟ್ಟು ಕಲಸುತ್ತ ಗಂಡನ ಹೆಸರನ್ನೂ ಅದರಲ್ಲಿ ಸೇರಿಸಿ ಕಲಸಿದಳು.

ಮೊದಲ ಭಜಿ ಸಾಹೇಬರ ಬಾಯಿಗೆ ಹೋಗುವಾಗ ಪಂಪಿನ ಸಪ್ಪಳ ಗೊರಗೊರ ಅಂದು ನಿಂತಿತು. ಬಲ್ಬೂ ಆರಿತು. ಫ್ಯಾನು ಮುನಿದವರ ಹಾಗೆ ಮುಖ ತಿರುಗಿಸಿ ನಿಂತಿತು. ಸ್ವಲ್ಪ ಹೊತ್ತಿಗೆ ಸಪ್ಪಳ ಬಂತು, ಬೆಳಕೂ ಬಂತು. ಎರಡನೇ ಭಜಿಗೆ ಮತ್ತೆ ಎರಡೂ ಹೋದವು, ಮತ್ತೆ ಎರಡೂ ಬಂದವು. ಮೂರನೇ ಸಲವೂ ಹಾಗೇ ಆದಾಗ ಸಾಹೇಬರು ಕತ್ತಲಲ್ಲಿ ಕೇಳಿದರು:

"ಅಂದಪ್ಪ, ಪಾಂಡಪ್ಪ ನೀರ ಬಂದ್ ಮಾಡಿದ್ರ ನಿಮ್ಮ ಮನಿ ಲೈಟ್ ಯಾಕ ಹೋಗ್ತಾವ್ರಿ?"

ಅಷ್ಟರಲ್ಲಿ ಅಂಗಳದಿಂದ ಸಾವಂತ್ರವ್ವನ ದನಿ ಕೇಳಿತು.

"ಅಂದಪ್ಪಾ! ಪಾಂಡಪ್ಪಗ ಒಂದು ಬಟ್ಟಲ ಚಾ ಕೊಡಬೇಕಂತ. ನಿನ್ನ ಜನರೇಟರಿನ ಹಗ್ಗ ಎಳದ ಎಳದ ರಟ್ಟಿ ಬಿದ್ದು ಹೋಗ್ಯಾವಂತ. ಸಾಹೇಬ್ರಿಗೆ ಇನ್ನೂ ಏನೂ ತಿಳದಿಲ್ಲಲ್ಲ?"

ಆ ಹೊತ್ತಿಗೇ ಬೆಳಕು ಬಂತು. ಸಾಹೇಬರು ಎದುರಿಗೇ ಕುಳಿತಿದ್ದರು. ಸಾವಂತ್ರವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, "ನಾ ಏನೂ ಹೇಳಿಲ್ರಿ ಯಪ್ಪಾ" ಎಂದು ಬಂದ ದಾರಿಗೇ ತಿರುಗಿದಳು.

ಅಂದಪ್ಪ ತಲೆ ತಗ್ಗಿಸಿದ. "ತಪ್ಪಾತ್ರಿ ಸಾಹೇಬ್ರ. ಇಲ್ಲಿ ಕರೆಂಟ್ ಇಲ್ಲ. ಇವತ್ತ ಮುಂಜಾನಿ ಹೋಗಿ ಮಷಿನ್ ತಂದೇನ್ರಿ."

ಸಾಹೇಬರು ಬೈಯಲಿಲ್ಲ. ಎದ್ದು ನಡೆದು ಶೆಡ್ಡಿಗೆ ಹೋದರು. ಪಾಂಡಪ್ಪ ಮಸಿ ಮೆತ್ತಿದ ಮುಖದಲ್ಲಿ ಹಲ್ಲು ಮಾತ್ರ ತೋರಿಸಿ ನಮಸ್ಕಾರ ಮಾಡಿದ. ಸಾಹೇಬರು ಯಂತ್ರದ ಸುತ್ತ ತಿರುಗಿ ನೋಡಿದರು. ಎರಡು ಹೊಟ್ಟೆಯ ವಿಷಯ ಕೇಳಿದರು, ಚಾವಿ ತಿರುವಿ ನೋಡಿದರು. ಡಬ್ಬಿಯನ್ನು ಮೂಸಿ ನೋಡಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಶಾಬಾಸ್ ಅಂದಪ್ಪ! ಕಂಬ ಇಲ್ಲ, ತಂತಿ ಇಲ್ಲ, ಒಂದ ದಿನದಾಗ ಫ್ಯಾನ್ ತಿರುಗಿಸೀರಿ! ಇಂಥಾ ಮನಷ್ಯಾರು ನಮ್ಮ ಖಾತ್ಯಾಗ ಎಷ್ಟ ಮಂದಿ ಅದಾರ?"

ಅಂದಪ್ಪನ ಜೀವ ತಣ್ಣಗಾಯಿತು. ಬದಲಿ ರದ್ದಾಯಿತೆಂದೇ ತಿಳಿದ. ಉಳಿದ ಭಜಿಯನ್ನೆಲ್ಲ ಸಾಹೇಬರ ತಾಟಿಗೆ ತಾನೇ ಬಡಿಸಿದ. ಇಂದ್ರಾಬಾಯಿಯೂ ನಕ್ಕಳು. ಊಟ ಮುಗಿದು, ಎಲೆ ಅಡಿಕೆ ಹಾಕಿಕೊಂಡು, ಜೀಪಿನ ಹತ್ತಿರ ನಿಂತು ಸಾಹೇಬರು ಅವನ ಹೆಗಲ ಮೇಲೆ ಕೈ ಇಟ್ಟರು.

"ಖರೆ ಹೇಳ್ತೇನಿ ಅಂದಪ್ಪ, ನಿಮ್ಮ ಬದಲಿ ರದ್ದ ಮಾಡಬೇಕಂತನ ಬಂದಿದ್ದೆ. ಆ ಗುಡ್ಡದ ಮ್ಯಾಲೆ ಲೈಟಿಲ್ಲ, ಸಂಸಾರಸ್ಥರನ್ನ ಹೆಂಗ ಕಳಸೂದು ಅಂತ ಮನಸ್ಸಿಗೆ ಭಾಳ ಕಸಿವಿಸಿ ಆಗಿತ್ತು."

"ಹೌದ್ರಿ ಸಾಹೇಬ್ರ" ಎಂದ ಅಂದಪ್ಪ ಕೈ ಮುಗಿದು.

"ಇವತ್ತ ಕಸಿವಿಸಿ ಹೋತು ನೋಡ್ರಿ! ಸೋಮವಾರ ಮುಂಜಾನಿ ಜೀಪ್ ಕಳಸ್ತೇನಿ. ನೀವು, ನಿಮ್ಮವ್ರು, ಈ ಮಷಿನ್ನು, ಎಲ್ಲಾ ಒಂದ ಸಲಕ್ಕ ಗುಡ್ಡ ಹತ್ತಿಬಿಡ್ರಿ. ನಾ ತಿಂಗಳಿಗೊಮ್ಮಿ ಬಂದು ಹೋಗ್ತೇನಿ. ಭಜಿ ಮಾತ್ರ ಮರೀಬ್ಯಾಡ್ರಿ."

ಜೀಪು ಧೂಳೆಬ್ಬಿಸಿ ಹೋಯಿತು. ಶೆಡ್ಡಿನಿಂದ ಪಾಂಡಪ್ಪ ಕೈ ಒರೆಸಿಕೊಳ್ಳುತ್ತ ಓಡಿ ಬಂದ.

"ಏನಂದ್ರೋ? ಖುಷಿ ಆದ್ರೇನು?"

"ಭಾಳ ಖುಷಿ ಆದ್ರು."

"ಮತ್ತ ಬದಲಿ?"

ಅಂದಪ್ಪ ಹೊಳೆಯಾಚೆಯ ಗುಡ್ಡದ ಕಡೆ ಕೈ ತೋರಿಸಿದ. ಆಮೇಲೆ ಪಾಂಡಪ್ಪನ ಹಿಂದೆಯೇ ಬಂದಿದ್ದ ಸಾವಂತ್ರವ್ವನ ಕಡೆ ತಿರುಗಿ ಕೇಳಿದ:

"ಎಬೇ, ಇನ್ನೊಂದ ಡಬ್ಬಿ ಚಿಮಣಿ ಎಣ್ಣಿ ಐತೇನು?"